ಆಲ್ಕಾಪುರಿಯ ಚಳಿಯಲ್ಲಿ ಜೀರಿಗೆ ಮೆಣಸು

“ಗುಜರಾತಿನಲ್ಲಿ ಎಂಥಾ ಚಳಿ ಮಾರಾಯಾ?” ಎಂದು ಊರಿನವರು ನಗುತ್ತಾರೆ. ಅವರ ಲೆಕ್ಕದಲ್ಲಿ ಗುಜರಾತ್ ಎಂದರೆ ಮರಳು, ಬಿಸಿಲು ಮತ್ತು ಢೋಕ್ಲಾ. ಡಿಸೆಂಬರ್ ಕೊನೆಯ ವಾರ ಬೆಳಗಿನ ಆರು ಗಂಟೆಗೆ ವಡೋದರ ಸ್ಟೇಷನ್ನಿನಲ್ಲಿ ಇಳಿದು ಆಲ್ಕಾಪುರಿಯವರೆಗೆ ಆಟೋದಲ್ಲಿ ಬಂದು ನೋಡಲಿ. ಹಗಲು 28 ಡಿಗ್ರಿ ಇರುವ ಊರಿನಲ್ಲೇ ರಾತ್ರಿ 10-12 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಅಹಮದಾಬಾದಿನವರಿಗೆ ಇದು ಚೆನ್ನಾಗಿ ಗೊತ್ತು. ಸಮುದ್ರ ಹತ್ತಿರವಿರುವ ಸೂರತ್ತಿನವರು ಸ್ವಲ್ಪ ಪುಣ್ಯವಂತರು. ಕಚ್ಛದ ನಲಿಯಾದ ಸುದ್ದಿಯನ್ನಂತೂ ಚಳಿಗಾಲದಲ್ಲಿ ದಿನವೂ ಪೇಪರಿನಲ್ಲಿ ಓದುತ್ತೇವೆ.

ಸೂರತ್ತಿನ ಓದುಗರೊಬ್ಬರು ಕಳೆದ ತಿಂಗಳು ಕೇಳಿದ್ದರು: “ಬಾಲ್ಕನಿಯ ಮೆಣಸಿನ ಗಿಡ ಚಳಿಗೆ ಎಲೆ ಉದುರಿಸುತ್ತಿದೆ, ಏನು ಮಾಡಲಿ?” ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಆದರೆ ಅದನ್ನು ಕಲಿಯಲು ನಾನು ಒಂದು ಗಿಡವನ್ನು ಕೊಂದಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಶಿರಸಿ ಕಡೆ. ಅಲ್ಲಿ ಹಿತ್ತಲಿನಲ್ಲಿ ಒಂದು ಜೀರಿಗೆ ಮೆಣಸಿನ ಗಿಡ ಇಲ್ಲದ ಮನೆ ಕಡಿಮೆ. ಕೆಲವರು ಸೂಜಿ ಮೆಣಸು ಎನ್ನುತ್ತಾರೆ. ಅಪ್ಪೆಹುಳಿಗೆ, ತಂಬುಳಿಗೆ ಅದೇ ಆಗಬೇಕು, ಅಂಗಡಿಯ ಹಸಿಮೆಣಸು ಹಾಕಿದರೆ ಖಾರ ಬರುತ್ತದೆ, ರುಚಿ ಬರುವುದಿಲ್ಲ. ಇದನ್ನು ಯಾರೂ ನೆಡುವುದಿಲ್ಲ, ಹಕ್ಕಿ ನೆಡುತ್ತದೆ. ಮೆಣಸಿನ ಖಾರ ಹಕ್ಕಿಯ ನಾಲಿಗೆಗೆ ಗೊತ್ತಾಗುವುದಿಲ್ಲ. ಹಣ್ಣು ತಿಂದು ಹಾರಿಹೋಗಿ ಬೀಜವನ್ನು ಎಲ್ಲೋ ಬೀಳಿಸುತ್ತದೆ. ಗುಜರಾತಿಗಳ ಹತ್ತಿರವೂ ಇಂಥದೇ ಪುಟ್ಟ ಮೆಣಸು ಇದೆ, ಲವಿಂಗಿಯಾ ಮರ್ಚಾ ಎನ್ನುತ್ತಾರೆ. ಅವರಿಗೆ ಅದು ಲವಂಗದ ಹಾಗೆ ಕಂಡಿದೆ, ನಮಗೆ ಜೀರಿಗೆಯ ಹಾಗೆ.

ಮೂರು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ಆಯಿ ಒಣಗಿದ ಹತ್ತಿಪ್ಪತ್ತು ಹಣ್ಣುಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದಳು. ಫೆಬ್ರವರಿಯಲ್ಲಿ ಬಿತ್ತಿದೆ. ಎರಡು ಗಿಡ ಚೆನ್ನಾಗಿ ಎದ್ದವು. ಒಂದನ್ನು ದೊಡ್ಡ ಮಣ್ಣಿನ ಕುಂಡಕ್ಕೆ ಹಾಕಿ ಮುಂದಿನ ಬಾಲ್ಕನಿಯಲ್ಲಿ ಇಟ್ಟೆ. ಇನ್ನೊಂದಕ್ಕೆ ಜಾಗ ಸಾಲದೆ, ಹಳೆಯ ಪೇಂಟಿನ ಡಬ್ಬಿಗೆ ತೂತು ಹೊಡೆದು ನೆಟ್ಟು, ಹಿಂದೆ ವಾಷಿಂಗ್ ಮಷಿನ್ ಪಕ್ಕದ ಗೋಡೆಗೆ ತಾಗಿಸಿ ಇಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡರಲ್ಲೂ ಕಾಯಿ. ಅಪ್ಪೆಹುಳಿ ಕುಡಿದ ಪಕ್ಕದ ಫ್ಲಾಟಿನ ಬಾ ಕಣ್ಣಲ್ಲಿ ನೀರು ತುಂಬಿಕೊಂಡು “ಬಹು ಸರಸ್” ಎಂದರು. ಕುಬೇರನ ಪಟ್ಟಣದ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಬಾಡಿಗೆಗಿರುವ ನನಗೆ ಅದೇ ಐಶ್ವರ್ಯ.

ಜನವರಿ ಬಂತು. ಮುಂದಿನ ಬಾಲ್ಕನಿಯ ಗಿಡದ ಎಲೆ ಮೊದಲು ಜೋತುಬಿತ್ತು. ಬಾಡಿದೆ ಎಂದುಕೊಂಡು ನೀರು ಹಾಕಿದೆ. ಮರುದಿನ ಇನ್ನೂ ಜೋತಿತು. ಬೆಳಗ್ಗೆ ಒಂದು ತಂಬಿಗೆ, ಆಫೀಸಿನ ಕಾಲ್ ಮುಗಿಸಿ ರಾತ್ರಿ ಒಂದು ತಂಬಿಗೆ ಹಾಕತೊಡಗಿದೆ. ಎಲೆ ಹಳದಿಯಾಯಿತು. ಗೊಬ್ಬರ ಸಾಲದು ಎಂದು ಶೇಂಗಾ ಹಿಂಡಿ ನೆನೆಸಿ ಹಾಕಿದೆ. ಉತ್ತರಾಯಣದ ದಿನ ಎಲ್ಲರೂ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದಾಗ ನಾನು ಬೋಳು ಕಡ್ಡಿಯೊಂದನ್ನು ನೋಡುತ್ತ ನಿಂತಿದ್ದೆ. ತಿಂಗಳ ಕೊನೆಗೆ ಎಳೆದರೆ ಬೇರು ಕಪ್ಪಾಗಿ ಕೊಳೆತು ಕೈಗೇ ಬಂತು.

ಹಿಂದಿನ ಡಬ್ಬಿಯ ಗಿಡವನ್ನು ನಾನು ಮರೆತೇಬಿಟ್ಟಿದ್ದೆ. ಅರ್ಧ ಎಲೆ ಉದುರಿಸಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಅದು ಬದುಕಿತ್ತು.

ಆಯಿಗೆ ಫೋನ್ ಮಾಡಿದೆ. “ಚಳೀಲಿ ಅದು ನಿದ್ದೆ ಮಾಡ್ತಾ ಇದ್ದು ತಮಾ, ನಿದ್ದೆ ಮಾಡವಕ್ಕೆ ಎಬ್ಸಿ ಊಟ ಹಾಕ್ತ್ವಾ?” ಎಂದಳು. ಅಷ್ಟು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಲಿನ ಗಿಡದ ಸುದ್ದಿ ಹೇಳಿದಳು. ಮನೆ ಹಿಸ್ಸೆಯಾಗಿ, ಹಿತ್ತಲು ಚಿಕ್ಕಪ್ಪನ ಪಾಲಿಗೆ ಹೋಗಿ, ಅಲ್ಲಿ ಕಾರು ನಿಲ್ಲಿಸಲು ಶೆಡ್ ಕಟ್ಟಿದ್ದರು. ಗಿಡ ಹೋಗಿತ್ತು. ಅಂದರೆ ಆ ಬೀಜದ ಗಿಡ ಉಳಿದದ್ದು ವಡೋದರದ ಪೇಂಟ್ ಡಬ್ಬಿಯಲ್ಲಿ ಮಾತ್ರ.

ಆಮೇಲೆ ಕೂತು ಓದಿದೆ. ಮೆಣಸಿನಕಾಯಿ ನಮ್ಮದೆಂದು ನಾವು ಎಷ್ಟೇ ಹೇಳಿದರೂ ಅದರ ಮೂಲ ಅಮೆರಿಕ ಖಂಡದ ಬೆಚ್ಚಗಿನ ನಾಡು. ಇಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. 20ರಿಂದ 30 ಡಿಗ್ರಿ ಅದಕ್ಕೆ ಸುಖ. ರಾತ್ರಿ 15ಕ್ಕಿಂತ ಕೆಳಗೆ ಹೋದರೆ ಬೆಳವಣಿಗೆ ನಿಧಾನವಾಗಿ ಹೂ ಉದುರುತ್ತದೆ. 10ಕ್ಕಿಂತ ಕೆಳಗೆ ಹಲವು ರಾತ್ರಿ ಕಳೆದರೆ ಎಲೆಗೆ ಪೆಟ್ಟು. ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಸಾವು. ಹಾಗೆಂದು ಇದು ಒಂದೇ ವರ್ಷದ ಗಿಡವಲ್ಲ. ಚಳಿ ದಾಟಿಸಿದರೆ ಹಲವು ವರ್ಷ ಬದುಕುವ ಜಾತಿ.

ಮುಖ್ಯ ಸಂಗತಿ ಇರುವುದು ಮಣ್ಣಿನ ಒಳಗೆ. ಮಣ್ಣು ತಣ್ಣಗಾದಾಗ ಬೇರು ನೀರು ಹೀರುವುದು ಕಡಿಮೆಯಾಗುತ್ತದೆ. ಕೆಳಗೆ ನೀರಿದ್ದರೂ ಮೇಲೆ ಎಲೆ ಜೋತುಬೀಳುತ್ತದೆ. ನಾವು ಬಾಯಾರಿಕೆ ಎಂದುಕೊಂಡು ಇನ್ನಷ್ಟು ಸುರಿಯುತ್ತೇವೆ. ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ತಣ್ಣನೆಯ ಮಣ್ಣಿನಿಂದ ರಂಜಕವೂ ಸರಿಯಾಗಿ ಸಿಗದೆ ಎಲೆ, ಕಾಂಡ ನೇರಳೆ ಬಣ್ಣಕ್ಕೆ ತಿರುಗಬಹುದು. ಅದು ಗೊಬ್ಬರದ ಕೊರತೆಯಲ್ಲ, ಬಿಸಿಲು ಬಂದರೆ ತಾನೇ ಸರಿಯಾಗುತ್ತದೆ. ನಮ್ಮ ಐಟಿಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಡಿಸೆಂಬರ್ ಕೊನೆಯಲ್ಲಿ ಪ್ರೊಡಕ್ಷನ್ ಸರ್ವರಿಗೆ ಯಾರೂ ಕೈ ಹಾಕಬಾರದೆಂದು ಚೇಂಜ್ ಫ್ರೀಜ್ ಮಾಡುತ್ತೇವಲ್ಲ, ಮೆಣಸಿನ ಗಿಡಕ್ಕೂ ಅದೇ ನಿಯಮ.

ಈಗ ನಾನು ಮಾಡುವುದು ಇಷ್ಟು. ನವೆಂಬರ್ ಕೊನೆಗೆ ಗೊಬ್ಬರ ನಿಲ್ಲಿಸುತ್ತೇನೆ. ಕುಂಡಗಳನ್ನು ದಕ್ಷಿಣದ ಗೋಡೆಯ ಹತ್ತಿರ ಸರಿಸುತ್ತೇನೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಅಲ್ಲಿ ಒಳಗಿನವರೆಗೂ ಬರುತ್ತದೆ, ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಶಾಖ ಬಿಡುತ್ತದೆ. ಗಾಳಿಪಟದವರಿಗೆ ಬೇಕಾದ ಆ ಉತ್ತರದ ಗಾಳಿ ಮಾತ್ರ ಗಿಡಕ್ಕೆ ನೇರವಾಗಿ ತಾಗಬಾರದು. ಟೈಲ್ಸ್ ನೆಲದ ಮೇಲೆ ಕುಂಡ ಇಡುವುದಿಲ್ಲ, ಕೆಳಗೆ ಎರಡು ಇಟ್ಟಿಗೆ ಇಲ್ಲವೇ ಹಲಗೆ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಮಣ್ಣು ಮತ್ತಷ್ಟು ತಣ್ಣಗಾಗುತ್ತದೆ, ಅದಕ್ಕೆ ಸುತ್ತ ಗೋಣಿಚೀಲ ಸುತ್ತುತ್ತೇನೆ. ಮೇಲೆ ಎರಡು ಇಂಚು ದರಕು. ನಮ್ಮ ತೋಟದ ದರಕು ಇಲ್ಲಿಲ್ಲ, ರಸ್ತೆ ಬದಿಯ ಬೇವಿನ ಒಣ ಎಲೆಯೇ ಸಾಕು.

ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒದ್ದೆಯಿದ್ದರೆ ಬೇಡ. ಒಣಗಿದ್ದರೆ ಹತ್ತು ಗಂಟೆಯ ಬಿಸಿಲು ಬಂದ ಮೇಲೆ ಸ್ವಲ್ಪ. ತಾರಸಿಯ ಟ್ಯಾಂಕಿನಿಂದ ಬೆಳಗ್ಗೆ ಬರುವ ನೀರು ನಮ್ಮ ಕೈಯನ್ನೇ ಮರಗಟ್ಟಿಸುತ್ತದೆ. ಹಿಂದಿನ ರಾತ್ರಿ ಬಕೆಟಿನಲ್ಲಿ ಒಳಗೆ ತುಂಬಿಟ್ಟರೆ ಒಳ್ಳೆಯದು. ಸಂಜೆಯ ನಂತರ ನೀರು ಹಾಕಲೇಬೇಡಿ. ಪಾರ 10ಕ್ಕಿಂತ ಕೆಳಗಿಳಿಯುವ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಗ್ಗೆ ತೆಗೆಯಿರಿ. ಎಲೆಗೆ ತಾಗುವ ಹಾಗೆ ಪ್ಲಾಸ್ಟಿಕ್ ಹೊದಿಸಬೇಡಿ.

ಎಲೆ ಮುರುಟಿದ್ದಕ್ಕೆಲ್ಲ ಚಳಿ ಕಾರಣವಲ್ಲ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ನುಸಿ ಇರುವ ಸಂಭವ ಹೆಚ್ಚು. ಎಲೆ ತಿರುವಿ ನೋಡಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರವ ಬೆರೆಸಿ, ಬಿಸಿಲು ಏರುವ ಮೊದಲು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಒಣ ಕಡ್ಡಿ ಕಂಡಿತೆಂದು ಜನವರಿಯಲ್ಲಿ ಕತ್ತರಿ ಹಿಡಿಯಬೇಡಿ. ಫೆಬ್ರವರಿ ನಡುವಿನಲ್ಲಿ ಉಗುರಿನಿಂದ ಸಿಪ್ಪೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಅದರ ಮೇಲಿನದನ್ನು ಮಾತ್ರ ಸವರಿ.

ಕಾಳುಮೆಣಸು ಸಾಕಿದವರೂ ನಮ್ಮಲ್ಲಿ ಇದ್ದಾರೆ. ಅಡ್ಡ ಕವಲಿನಿಂದ ಬೇರು ಬರಿಸಿ ಮಾಡಿದ ಪೊದೆ ಮೆಣಸು ಹಬ್ಬುವುದಿಲ್ಲ, ಕುಂಡದಲ್ಲೇ ಕಾಯಿ ಬಿಡುತ್ತದೆ. ಊರಿಗೆ ಹೋದವರು ನರ್ಸರಿಯಿಂದ ತರುವ ಪಣಿಯೂರು ತಳಿಯ ಕುಂಡ ಇಂಥದೇ. ಅದು 10 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ, ಆದರೆ ಇಲ್ಲಿನ ಒಣ ಹವೆಯನ್ನು ತಡೆಯುವುದಿಲ್ಲ. ವಡೋದರದ ವರ್ಷದ ಮಳೆ ಸುಮಾರು 900 ಮಿಲಿಮೀಟರ್, ಮಲೆನಾಡಿನದು ಅದರ ಎರಡು ಪಟ್ಟಿಗೂ ಮಿಕ್ಕಿದ್ದು. ಹಾಗಾಗಿ ಅಗಲ ತಟ್ಟೆಯಲ್ಲಿ ಜಲ್ಲಿ ಹರಡಿ, ಜಲ್ಲಿ ಮುಳುಗದಷ್ಟು ನೀರು ಹಾಕಿ ಕುಂಡವನ್ನು ಅದರ ಮೇಲಿಡಿ. ಮಧ್ಯಾಹ್ನದ ನೇರ ಬಿಸಿಲು ಬೇಡ. ರಾತ್ರಿ ಒಳಗೆ ತಂದರೆ ಇನ್ನೂ ಒಳ್ಳೆಯದು.

ನ್ಯೂಜೆರ್ಸಿ, ಲಂಡನ್ ಕಡೆ ಇರುವ ಓದುಗರಿಗೆ ಗೋಡೆ, ಬೆಡ್‌ಶೀಟ್ ಯಾವುದೂ ಸಾಲದು. ರಾತ್ರಿ 12 ಡಿಗ್ರಿಗೆ ಇಳಿಯತೊಡಗಿದಾಗಲೇ ಗಿಡವನ್ನು ತೊಳೆದು, ಹೇನು ಇಲ್ಲವೆಂದು ನೋಡಿ, ಮೂರನೇ ಒಂದು ಭಾಗ ಉಳಿಯುವಂತೆ ಸವರಿ ಮನೆಯೊಳಗೆ ಕಿಟಕಿಯ ಹತ್ತಿರ ಇಡಿ. ವಸಂತದಲ್ಲಿ ಒಮ್ಮೆಲೇ ಹೊರಗಿಡದೆ, ಹತ್ತು ದಿನ ದಿನಕ್ಕಿಷ್ಟು ಹೊತ್ತು ಎಂದು ಬಿಸಿಲಿಗೆ ರೂಢಿ ಮಾಡಿಸಿ.

ಆ ಡಬ್ಬಿಯ ಗಿಡ ಅಲ್ಲಿಂದ ಇನ್ನೊಂದು ಚಳಿ ದಾಟಿತು. ಈಗ ಅದು ದೊಡ್ಡ ಕುಂಡದಲ್ಲಿದೆ, ಅದರ ನಾಲ್ಕು ಮಕ್ಕಳು ಪಕ್ಕದಲ್ಲಿ. ಈ ದೀಪಾವಳಿಗೆ ಊರಿಗೆ ಹೊರಟಾಗ ಆಯಿ, “ಬರ್ತಾ ಸೂಜಿ ಮೆಣಸಿನ ಬೀಜ ತಗಬಾ” ಎಂದಳು. ಅವಳು ಕಟ್ಟಿಕೊಟ್ಟ ಹಾಗೆಯೇ ಕಾಗದದಲ್ಲಿ ಕಟ್ಟಿ ಒಯ್ದೆ. ಅಂಗಳದ ತುಳಸಿಕಟ್ಟೆಯ ಹಿಂದೆ ಬಿತ್ತಿದ್ದಾಳೆ. ಶೆಡ್ಡಿನಿಂದ ಆರು ಅಡಿ ದೂರ.

ನನ್ನ ಹತ್ತಿರ ಇನ್ನೂ ಬೀಜವಿದೆ. ಬೇಕಾದವರು ಸಂಪಾದಕರಿಗೆ ಬರೆಯಿರಿ, ಕಳಿಸುತ್ತೇನೆ. ಆದರೆ ಈಗಲೇ ಬಿತ್ತಬೇಡಿ, ಮೊಳೆಯಲು 25 ಡಿಗ್ರಿಯ ಬೆಚ್ಚನೆ ಬೇಕು. ಫೆಬ್ರವರಿ ಕೊನೆಯವರೆಗೆ ಕಾಯಿರಿ. ಸೂರತ್ತಿನ ಓದುಗರೇ, ನೀವು ಇವತ್ತು ತಂಬಿಗೆ ಕೆಳಗಿಡಿ.