ಹುಳಿಮಣ್ಣಿನ ಮದ್ದು ಗುಡ್ಡದಲ್ಲಿದೆ

ಭೂಮಿ ಕೆಟ್ಟಿತೆಂದೊಡನೆ ಜಿಪ್ಸಂ ಹಾಕಬೇಕೆಂಬ ಸಲಹೆ ಕೇಳಿಬರುವುದುಂಟು. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯಲ್ಲಿ ಆ ಸಲಹೆಗೆ ಅರ್ಥವಿದೆ. ಅಲ್ಲಿ ಅತಿ ನೀರಾವರಿಯಿಂದ ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ನೆಲದಲ್ಲಿ ಉಳಿಯುತ್ತದೆ. ಸೋಡಿಯಂ ಹೆಚ್ಚಿ ಮಣ್ಣು ಬಿಗಿದಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಅದರ ಸ್ಥಾನವನ್ನು ಹಿಡಿಯುತ್ತದೆ; ಬಸಿಗಾಲುವೆಯ ನೀರು ಉಪ್ಪನ್ನು ಹೊರಗೊಯ್ಯುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕೆಂಪು ಮಣ್ಣಿನ ರೋಗ ಉಪ್ಪಲ್ಲ, ಹುಳಿ. ಹುಳಿಯನ್ನು ಇಳಿಸುವ ಗುಣ ಜಿಪ್ಸಂಗೆ ಇಲ್ಲ. ಎರವಲು ತಂದ ಮದ್ದಿನಿಂದ ರೈತನ ಹಣ ಕರಗೀತೇ ಹೊರತು ರೋಗ ವಾಸಿಯಾಗದು.

ಈ ಹುಳಿಗೆ ಮೂಲ ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದು ನೇತ್ರಾವತಿಗೆ ಸೇರಿಸುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮುರಕಲ್ಲಿನ ಕೆಂಪು ಬಣ್ಣ ಆ ಕಬ್ಬಿಣದ್ದೇ. ಇದರ ಮೇಲೆ ವರ್ಷವರ್ಷವೂ ಹಾಕುವ ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳು ಹುಳಿಯನ್ನು ಇನ್ನಷ್ಟು ಏರಿಸುತ್ತವೆ. ಮಣ್ಣಿನ ರಸಸಾರ 6ರಿಂದ 5ಕ್ಕೆ ಇಳಿಯಿತೆಂದರೆ ಹುಳಿ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. 5.5ಕ್ಕಿಂತ ಕೆಳಗಿಳಿದಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಹಾಕಿದ ರಂಜಕ ಮಣ್ಣಿನಲ್ಲೇ ಸೆರೆಯಾಗುತ್ತದೆ. ಕೊಳೆರೋಗಕ್ಕೆಂದು ಸಿಂಪಡಿಸಿದ ಬೋರ್ಡೊ ದ್ರಾವಣದ ತಾಮ್ರ ಅಡಿಕೆ ತೋಟದಲ್ಲಿ ಶೇಖರವಾಗುತ್ತ ಬರುತ್ತದೆ. ಮಣ್ಣು ಹುಳಿಯಾದಷ್ಟೂ ಅದರ ನಂಜು ಹೆಚ್ಚು.

ಹುಳಿಗೆ ನೇರವಾದ ಮದ್ದು ಸುಣ್ಣ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂದು ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಹುಳಿಮಣ್ಣಿನ ತೋಟಕ್ಕೆ ಆ ಸಂಸ್ಥೆಯ ಶಿಫಾರಸು ಸರಳವಾದುದು: ಎರಡು ಮೂರು ವರ್ಷಕ್ಕೊಮ್ಮೆ, ಮಾರ್ಚ್-ಏಪ್ರಿಲ್‌ನಲ್ಲಿ, ಮರವೊಂದಕ್ಕೆ ಅರ್ಧ ಕಿಲೋ ಸುಣ್ಣ ಎರಚಿ ಮಣ್ಣಿಗೆ ಬೆರೆಸುವುದು. ಸುಣ್ಣಕ್ಕೂ ಯೂರಿಯಾಕ್ಕೂ ಎರಡು ಮೂರು ವಾರಗಳ ಅಂತರವಿರಲಿ. ಜೊತೆಗೆ ಬಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ. ಮಣ್ಣು ಪರೀಕ್ಷೆಯಿಲ್ಲದೆ ಅತಿಯಾಗಿ ಹಾಕುವುದೂ ತಪ್ಪು. ಆಗ ಸತು, ಬೋರಾನ್‌ಗಳ ಕೊರತೆ ತಲೆದೋರುತ್ತದೆ. ಅಳಿವೆಯ ಮರುವಾಯಿ ಚಿಪ್ಪಿನ ಸುಣ್ಣ ಒಳ್ಳೆಯದೇ. ಆದರೆ ಜೀವಂತ ಮರುವಾಯಿಯನ್ನು ಬಾಚಿ ಹೊಳೆಯನ್ನು ಬರಿದು ಮಾಡಿ ತಂದ ಸುಣ್ಣದಿಂದ ಒಂದು ಕಡೆಯ ಗಾಯ ಮಾಯುವಾಗ ಮತ್ತೊಂದು ಕಡೆ ಗಾಯವಾಗುತ್ತದೆ.

ಸುಣ್ಣದ ಜೊತೆಗೆ ಹಿರಿಯರ ಕೈಯಲ್ಲಿ ಇನ್ನೆರಡು ಮದ್ದುಗಳಿದ್ದವು: ಬೂದಿ ಮತ್ತು ಸೊಪ್ಪು. ಬಚ್ಚಲೊಲೆಯ ಬೂದಿ, ಸುಡುಮಣ್ಣು ಇವು ಹುಳಿಯನ್ನು ತಗ್ಗಿಸಿ ಪೊಟ್ಯಾಷನ್ನೂ ಕೊಡುತ್ತವೆ. ಕಾಡುಮರದ ಬೇರು ಆಳದಿಂದ ಎತ್ತಿ ತಂದ ಕ್ಯಾಲ್ಸಿಯಂ ಎಲೆಯಲ್ಲಿದೆ. ಆ ಸೊಪ್ಪು ಹಟ್ಟಿಯಲ್ಲಿ ಹಾಸಿಗೆಯಾಗಿ, ಗೊಬ್ಬರವಾಗಿ ತೋಟಕ್ಕೆ ಬಂದಾಗ ಮಳೆ ಒಯ್ದದ್ದರಲ್ಲಿ ಒಂದು ಪಾಲು ಹಿಂತಿರುಗುತ್ತದೆ. ಕೊಳೆತ ಸೊಪ್ಪು ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟು ಬೇರನ್ನು ಕಾಯುತ್ತದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು ಮತ್ತು 12 ಕಿಲೋ ಕಾಂಪೋಸ್ಟ್ ಬೇಕೆಂದು ವಿಜ್ಞಾನವೂ ಹೇಳುತ್ತದೆ.

ಅಷ್ಟು ಸೊಪ್ಪು ಬರಬೇಕಾದುದು ಎಲ್ಲಿಂದ? ಉತ್ತರ ಕುಮ್ಕಿಯಲ್ಲಿದೆ. ವರ್ಗ ಭೂಮಿಯ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಈ ಸೌಲಭ್ಯ ಮದ್ರಾಸ್ ಆಡಳಿತದ ಕಾಲದಿಂದ ಬಂದದ್ದು; 1964ರ ಭೂಕಂದಾಯ ಕಾಯಿದೆಯ 79ನೇ ಕಲಮು ಅದನ್ನು ಉಳಿಸಿಕೊಂಡಿದೆ. ಕೃಷಿಗೆ ಗುಡ್ಡದ ಹಸಿರು ಬೇಕೇಬೇಕು ಎಂಬ ತಿಳಿವಳಿಕೆಯೇ ಆ ಸೌಲಭ್ಯದ ಬೇರು. ಇಂದು ಅದೇ ಗುಡ್ಡಗಳಲ್ಲಿ ಹಲವು ರಬ್ಬರ್ ತೋಟಗಳಾಗಿವೆ, ಕೆಲವು ಮುರಕಲ್ಲಿನ ಕ್ವಾರಿಗಳಾಗಿವೆ. ಉಳಿದ ಮರಗಳೂ ಅತಿಯಾಗಿ ಸವರಿಸಿಕೊಂಡು ಬೋಳಾಗಿವೆ. ಗುಡ್ಡ ಹೋದರೆ ಸೊಪ್ಪು ಹೋಗುತ್ತದೆ; ಸೊಪ್ಪು ಹೋದಲ್ಲಿ ಚೀಲದ ಗೊಬ್ಬರ ಹೆಚ್ಚುತ್ತದೆ; ಅದರೊಡನೆ ಹುಳಿಯೂ.

ಆದ್ದರಿಂದ ಮಣ್ಣಿನ ಸುಧಾರಣೆ ಅಂಗಡಿಯಿಂದ ತರುವ ಒಂದು ಚೀಲದ ಮಾತಲ್ಲ. ಮೊದಲ ಕೆಲಸ ಮಣ್ಣು ಪರೀಕ್ಷೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದ ಅಂಕಿ ಇರುತ್ತದೆ. ಗೊಬ್ಬರದ ಪಟ್ಟಿಗಿಂತ ಮೊದಲು ಓದಬೇಕಾದುದು ಅದನ್ನು. ಎರಡನೆಯದು, ಬೇಲಿಯುದ್ದಕ್ಕೂ ಗೊಬ್ಬರದ ಗಿಡ ನೆಟ್ಟು ಗುಡ್ಡದ ಮೇಲಿನ ಹೊರೆ ಇಳಿಸುವುದು. ಮೂರನೆಯದು, ಕುಮ್ಕಿಯನ್ನು ಸರದಿಯ ಮೇಲೆ ಸವರಿ, ಚಿಗುರಲು ಬಿಡುವು ಕೊಡುವುದು. ಊರ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಗ್ರಾಮದ ಬೆಟ್ಟು, ಮಜಲು, ಬೈಲುಗಳ ರಸಸಾರವನ್ನು ಅಳೆದು ನಕ್ಷೆ ಮಾಡಿದರೆ ಗ್ರಾಮಸಭೆಯ ಚರ್ಚೆಗೆ ಗಟ್ಟಿ ಆಧಾರ ದೊರೆಯುತ್ತದೆ.

ತೋಟಕ್ಕೆ ಬೇಲಿ ಹಾಕುವವರು ಬಹಳ. ಆ ತೋಟವನ್ನು ಸಾಕುವ ಗುಡ್ಡಕ್ಕೂ ಕಾವಲು ಬೇಕೆಂಬುದನ್ನು ಗ್ರಾಮಗಳು ಈಗಲೇ ಅರಿಯಬೇಕಾಗಿದೆ.