ಹೊಳೆಯುವ ಫೋನಿಗೆ ಹಣ, ಅಸಲಿ ಫೋನಿಗೆ ಗುಜರಿ!



ಕಳೆದ ವಾರ್ಷಿಕೋತ್ಸವದ ಸಮಯದಲ್ಲಿ ನಮ್ಮ ಶಾಲೆಯಲ್ಲಿ ಹಳೆಯ ವಸ್ತುಗಳ ಒಂದು ಪ್ರದರ್ಶನ ಏರ್ಪಡಿಸಿದ್ದೆವು. ಸೇರು, ಪಾವು, ಲಾಟೀನು, ಕಡೆಯುವ ಕಲ್ಲು ಎಲ್ಲವೂ ಮಕ್ಕಳ ಮನೆಗಳಿಂದಲೇ ಬಂದವು. ಡಯಲ್ ತಿರುಗಿಸುವ ಫೋನು ಮಾತ್ರ ಯಾರ ಮನೆಯಲ್ಲೂ ಸಿಗಲಿಲ್ಲ. ಹಳೆ ವಿದ್ಯಾರ್ಥಿ ಸಂಘದ ಉತ್ಸಾಹಿಗಳು ಸುಮ್ಮನಿರಲಿಲ್ಲ. 'ಆ್ಯಂಟಿಕ್, ಬ್ರಿಟಿಷರ ಕಾಲದ್ದು' ಎಂದು ಯಾರೋ ಮಾರುತ್ತಿದ್ದ ಪಿತ್ತಳೆಯ ಫೋನೊಂದನ್ನು ಐದು ಸಾವಿರ ರೂಪಾಯಿ ಕೊಟ್ಟು ತರಿಸಿದರು. ನಾವೂ ಖುಷಿಯಿಂದ ಅದನ್ನು ಮೇಜಿನ ನಡುವೆ ಇಟ್ಟೆವು.

ಆರನೇ ತರಗತಿಯ ಹುಡುಗಿಯೊಬ್ಬಳು ಬಂದು ಡಯಲಿನ ತೂತಿಗೆ ಬೆರಳು ಹಾಕಿ ತಿರುಗಿಸಲು ನೋಡಿದಳು. ತಿರುಗಲಿಲ್ಲ. ಒತ್ತಿದಾಗ 'ಟಕ್' ಎಂದಿತು. ತೂತುಗಳ ಒಳಗೆ ಇದ್ದದ್ದು ಒತ್ತುವ ಗುಂಡಿಗಳು! "ಟೀಚರ್, ಇದು ಕ್ಯಾಲ್ಕುಲೇಟರ್ ಹಾಗೆ ಉಂಟು" ಎಂದಳು. ಐದು ಸಾವಿರದ ಬಂಡವಾಳ ಒಂದು ಕ್ಷಣದಲ್ಲಿ ಬಯಲಾಯಿತು.

ಅದಕ್ಕಿಂತ ದೊಡ್ಡ ನೋವು ಇನ್ನೊಂದು. ನಮ್ಮದೇ ಆಫೀಸಿನ ಕಪಾಟಿನಲ್ಲಿ ಸಂಪರ್ಕ ಕಡಿದ ಮೇಲೂ ವರ್ಷಗಟ್ಟಲೆ ಒಂದು ಕಪ್ಪು ಫೋನು ಬಿದ್ದಿತ್ತು. ಸುಣ್ಣ ಬಣ್ಣ ಬಳಿಯುವ ಮೊದಲು ಕೋಣೆ ಖಾಲಿ ಮಾಡಿದಾಗ ಹಳೆ ಕಬ್ಬಿಣದ ಜೊತೆ ಅದೂ ಗುಜರಿಯವನ ಚೀಲ ಸೇರಿತು. ಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ. ಆದ್ದರಿಂದ ಈ ಬರಹದ ಮೊದಲ ಬೈಗುಳ ನಮಗೇ.

ಇರಲಿ. ನಮ್ಮ ವಾದ ಇಷ್ಟು: ತಿರುಗದ, ಬಿಚ್ಚಿ ನೋಡಲಾಗದ, ತಾನು ಎಲ್ಲಿಯದೆಂದು ಹೇಳದ ಫೋನಿಗೆ ಶಾಲೆಯ ಒಂದು ರೂಪಾಯಿಯೂ ಹೋಗಬಾರದು.

ಮೊದಲು ಈ 'ಬ್ರಿಟಿಷರ ಕಾಲ'ದ ಕಥೆಯನ್ನು ನೋಡೋಣ. ಹಳೆ ಕಪ್ಪು ಫೋನು ಕಂಡರೆ ಸಾಕು, ಮಾರುವವನ ಬಾಯಲ್ಲಿ ಬರುವುದು ಇದೇ ಮಾತು. ಆದರೆ ಅದನ್ನು ಮಗುಚಿ ಹಾಕಿ ನೋಡಿದರೆ ಅನೇಕ ಸಲ ಕಾಣುವುದು 'ಐಟಿಐ, ಬ್ಯಾಂಗಲೋರ್' ಎಂಬ ಗುರುತು. ಇದು ತರಬೇತಿ ಕೊಡುವ ಐಟಿಐ ಅಲ್ಲ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಬೆಂಗಳೂರಿನಲ್ಲಿ ಅದು ಶುರುವಾದದ್ದು 1948ರಲ್ಲಿ, ಬ್ರಿಟಿಷರು ಹೋದ ಮರುವರ್ಷ. ಹಾಗಿರುವಾಗ ಐಟಿಐ ಗುರುತಿನ ಫೋನು ಬ್ರಿಟಿಷರ ಕಾಲದ್ದು ಆಗುವುದು ಹೇಗೆ? ಬ್ರಿಟನ್ನಿನ ತಾಂತ್ರಿಕ ನೆರವಿನಿಂದ ತಯಾರಿ ಆರಂಭವಾದ್ದರಿಂದ ಆಕಾರ ಅಲ್ಲಿಯ 1930ರ ದಶಕದ ಮಾದರಿಯನ್ನು ಹೋಲುತ್ತದೆ, ಅಷ್ಟೇ. ಆಕಾರ ನೋಡಿ ಕಾಲ ಹೇಳುವುದು ಮೀಸೆ ನೋಡಿ ವಯಸ್ಸು ಹೇಳಿದಂತೆ!

'ಆ್ಯಂಟಿಕ್' ಎಂಬ ಪದವೂ ಹಾಗೆಯೇ. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಇಂಥ ವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. 1960ರ ಫೋನು ಹಳೆಯದು ಹೌದು, ಆ್ಯಂಟಿಕ್ ಅಲ್ಲ. ಪದಕ್ಕೇ ಹೆಚ್ಚು ಹಣ ಕೇಳುವವನಿಗೆ ಈ ಲೆಕ್ಕ ಹೇಳಿ ನೋಡಿ, ದನಿ ತಗ್ಗುತ್ತದೆ.

ಹಾಗಾದರೆ ಅಸಲಿಯನ್ನು ಗುರುತಿಸುವುದು ಹೇಗೆ? ಮೋಸ ಹೋದ ಮೇಲೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ಒಂದು, ಡಯಲ್. ಸೊನ್ನೆಯ ತೂತಿಗೆ ಬೆರಳು ಹಾಕಿ ಕೊನೆಯವರೆಗೆ ತಿರುಗಿಸಿ ಬಿಡಿ. ಒಳಗಿನ ವೇಗ ನಿಯಂತ್ರಕ ಸರಿ ಇದ್ದರೆ ಅದು ಒಂದೇ ಹದದಲ್ಲಿ, ಸುಮಾರು ಒಂದು ಸೆಕೆಂಡಿನಲ್ಲಿ ಹಿಂದೆ ಬರುತ್ತದೆ. ತಡವರಿಸಿದರೆ ಧೂಳು, ಜಿಡ್ಡು ಇರಬಹುದು, ಅದನ್ನು ಸರಿಪಡಿಸಬಹುದು. ತಿರುಗದೇ ಇದ್ದರೆ ಕೈಮುಗಿದು ಎದ್ದು ಬನ್ನಿ.

ಎರಡು, ಮೈ. ಹಳೆಯ ಕಪ್ಪು ಫೋನುಗಳು ಬೇಕಲೈಟಿನವು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ವಸ್ತು ಇದು. ಕೈಗೆ ಭಾರ, ಮುಟ್ಟಿದರೆ ಗಟ್ಟಿ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಫಿನೈಲಿನಂಥ ವಾಸನೆ ಬರುತ್ತದೆ. ಹೊಸ ಪ್ಲಾಸ್ಟಿಕ್ಕಿಗೆ ಆ ವಾಸನೆ ಇಲ್ಲ. ಕಪ್ಪು ಪೇಂಟು ಹೊಡೆದು ಬಿರುಕು ಮುಚ್ಚುವವರಿದ್ದಾರೆ, ಬೆಳಕಿಗೆ ಹಿಡಿದು ಅಂಚುಗಳನ್ನು ನೋಡಿ. ಬೇಕಲೈಟ್ ಒಮ್ಮೆ ಸೀಳಿದರೆ ಮೊದಲಿನಂತೆ ಕೂಡುವುದಿಲ್ಲ.

ಮೂರು, ಹೊಟ್ಟೆ. ತಳದ ಸ್ಕ್ರೂ ತೆಗೆಸಿ ಒಳಗೆ ನೋಡಿ. ಎರಡು ಲೋಹದ ಗಂಟೆ ಬಟ್ಟಲು, ನಡುವೆ ಬಡಿಯುವ ಸಣ್ಣ ಗುಂಡು, ತಂತಿ ಸುತ್ತಿದ ಸುರುಳಿ ಇರಬೇಕು. ಇವುಗಳ ಬದಲು ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ಪೀಪೀ ಎನ್ನುವ ಬಜರ್ ಇದ್ದರೆ ಅದು ಹಳೆಯದರ ವೇಷ ಹಾಕಿದ ಹೊಸತು. 'ಬಿಚ್ಚಬಾರದು ಸಾರ್, ಹಾಳಾಗುತ್ತದೆ' ಎನ್ನುವವನಿಂದ ಕೊಳ್ಳಲೇಬೇಡಿ. ಲೈನಿಗೆ ಜೋಡಿಸಿದ ಫೋನನ್ನು ಮಾತ್ರ ಬಿಚ್ಚಬಾರದು. ಗಂಟೆ ಬಾರಿಸಲು ಬರುವ ವಿದ್ಯುತ್ತು ಶಾಕ್ ಹೊಡೆಯುತ್ತದೆ.

ನಾಲ್ಕು, ಗುರುತುಗಳು. ಮೈ, ಡಯಲ್, ಕೈಯಲ್ಲಿ ಹಿಡಿಯುವ ಭಾಗ, ಮೂರರ ಮೇಲಿನ ಗುರುತುಗಳನ್ನೂ ಹೋಲಿಸಿ. ಒಂದರ ತಲೆ, ಇನ್ನೊಂದರ ಬಾಲ ಸೇರಿಸಿ ಮಾರುವುದು ಸಾಮಾನ್ಯ. ಸೇರಿಸಿದ್ದು ಎಂದು ಒಪ್ಪಿಕೊಂಡು ಕಡಿಮೆಗೆ ಕೊಟ್ಟರೆ ಕೊಳ್ಳಬಹುದು. ಅಸಲಿ ಎಂದು ಸುಳ್ಳು ಹೇಳಿ ಮಾರಿದರೆ ಅದು ಮೋಸ. ಬಟ್ಟೆ ಸುತ್ತಿದ ಹೊಸ ವೈರು ಒಂದೇ ಇದ್ದರೆ ಹೆದರಬೇಕಾಗಿಲ್ಲ. ಹಳೆ ವೈರು ಸವೆದರೆ ಬದಲಿಸಲೇಬೇಕಲ್ಲ.

ಮುಂಬಯಿಯ ಚೋರ್ ಬಜಾರಿನಲ್ಲಿಯೂ ಹಳ್ಳಿಯ ಗುಜರಿ ಅಂಗಡಿಯಲ್ಲಿಯೂ ಈ ನಾಲ್ಕು ಪರೀಕ್ಷೆಗಳನ್ನು ಕೈಯಾರೆ ಮಾಡಬಹುದು. ಫೋಟೋ ನೋಡಿ ಹಣ ಕಳಿಸಿದರೆ ಒಂದನ್ನೂ ಮಾಡಲಾಗದು. ನಮಗಾದದ್ದು ಅದೇ.

ಇನ್ನು ಸಂಗ್ರಾಹಕ ಮಿತ್ರರಿಗೆ ಒಂದು ಮಾತು. ಕೋಪ ಬಂದರೂ ಚಿಂತೆಯಿಲ್ಲ. ನಮ್ಮ ಕಾಸರಗೋಡಿನ ಕಡೆ ಫೋನೆಂದರೆ ಬರೀ ಯಂತ್ರವಾಗಿರಲಿಲ್ಲ. ಗಲ್ಫಿಗೆ ಹೋದ ಮಗನ ದನಿ ಕೇಳಲು ತಾಯಂದಿರು ಪಕ್ಕದ ಮನೆಯ ಜಗಲಿಯಲ್ಲಿ ಗಂಟೆಗಟ್ಟಲೆ ಕಾದು ಕುಳಿತದ್ದು ಈ ಫೋನಿನ ಮುಂದೆ. ಅಂಥ ಮನೆಯ ಅಜ್ಜಿಗೆ ನೂರು ರೂಪಾಯಿ ಕೊಟ್ಟು, 'ಇದು ಹಾಳಾಗಿದೆ ಅಜ್ಜಿ' ಎಂದು ನಂಬಿಸಿ ತಂದು, ಪೇಟೆಯಲ್ಲಿ ಸಾವಿರಗಟ್ಟಲೆಗೆ ಮಾರುವುದಕ್ಕೆ ಸಂಗ್ರಹ ಎಂಬ ಹೆಸರು ಬೇಡ. ಪೇಟೆಯ ಬೆಲೆ ಎಷ್ಟೆಂದು ಮೊದಲು ಅಜ್ಜಿಗೇ ಹೇಳಿ. ಯಾವ ಮನೆಯದು, ನಂಬರು ಎಷ್ಟಿತ್ತು, ಯಾರು ಮಾತಾಡುತ್ತಿದ್ದರು ಎಂದು ಬರೆದಿಟ್ಟುಕೊಳ್ಳಿ. ಆ ಚೀಟಿ ಕಳೆದುಹೋದರೆ ಉಳಿಯುವುದು ಬರೀ ಬೇಕಲೈಟು.

"ಮಕ್ಕಳಿಗೆ ನೋಡಲು ಚೆಂದ ಇದ್ದರೆ ಸಾಲದೇ ಮಾಷ್ಟ್ರೇ? ಅಸಲಿ ನಕಲಿ ಯಾರು ಕೇಳುತ್ತಾರೆ?" ಎಂದು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಒಬ್ಬರು ನಮ್ಮ ಸಹೋದ್ಯೋಗಿಯನ್ನು ಕೇಳಿದರು. ಸಾಲದು! ಕೇಳಿದ್ದು ಆರನೇ ತರಗತಿಯ ಹುಡುಗಿಯೇ ಅಲ್ಲವೇ? ಚರಿತ್ರೆಯ ತರಗತಿಯಲ್ಲಿ ಆಧಾರ ಕೇಳು ಎಂದು ಹೇಳುವ ನಾವು, ಪ್ರದರ್ಶನದ ಮೇಜಿನ ಮೇಲೆ ಸುಳ್ಳು ಇಟ್ಟರೆ ಮಕ್ಕಳು ಯಾವುದನ್ನು ನಂಬಬೇಕು?

"ಆ ಹಣದಲ್ಲಿ ಪುಸ್ತಕ ಕೊಳ್ಳಬಹುದಿತ್ತು" ಎಂದವರೂ ಇದ್ದಾರೆ. ಈ ಮಾತಿಗೆ ತೂಕವಿದೆ. ಹೊಳೆಯುವ ನಕಲಿಗಿಂತ ಪುಸ್ತಕವೇ ಮೇಲು. ಆದರೆ ತಿರುಗುವ ಅಸಲಿ ಫೋನು ಸಿಕ್ಕರೆ ಅದೂ ಒಂದು ಪಾಠಪುಸ್ತಕವೇ. ಡಯಲ್ ಹಿಂದೆ ಬರುವಾಗ ಎಷ್ಟು ಸಲ 'ಟಿಕ್' ಎನ್ನುತ್ತದೆಂದು ಮಕ್ಕಳು ಎಣಿಸಲಿ. ಒಂದಕ್ಕೆ ಒಂದು, ಒಂಬತ್ತಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಅಷ್ಟು ಸಲ ವಿದ್ಯುತ್ತು ಕಡಿದು ಕೂಡುತ್ತದೆ, ಎಕ್ಸ್‌ಚೇಂಜಿನ ಯಂತ್ರ ಅದನ್ನು ಎಣಿಸುತ್ತದೆ. ಅಂಥ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದ ಆಲ್ಮನ್ ಸ್ಟ್ರೌಜರ್ ಎಂಜಿನಿಯರ್ ಅಲ್ಲ, ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿ ಮಾಡುತ್ತಿದ್ದವನು! ಎರಡು ಹಳೆ ಫೋನು, ಒಂದು 9 ವೋಲ್ಟಿನ ಬ್ಯಾಟರಿ, ಉದ್ದದ ವೈರು ಇವಿಷ್ಟನ್ನು ಒಂದೇ ಸರಣಿಯಲ್ಲಿ ಜೋಡಿಸಿದರೆ ಒಂದು ತರಗತಿಯಿಂದ ಇನ್ನೊಂದಕ್ಕೆ ಮಾತಾಡಬಹುದು. ಹತ್ತನೇ ತರಗತಿಯವರು ಕನ್ನಡದಲ್ಲಿ ಓದುವ ವಿದ್ಯುತ್ಕಾಂತೀಯ ಪಾಠ ಆ ಗಂಟೆಯ ಸುರುಳಿಯಲ್ಲೇ ಇದೆ. ಇದನ್ನು ಪಿತ್ತಳೆಯ ಗೊಂಬೆ ಕಲಿಸುತ್ತದೆಯೇ?

ಕೊನೆಗೆ ಇನ್ನೊಂದು. ಬೆಂಗಳೂರಿನಲ್ಲಿ ಆ ಕಾರ್ಖಾನೆಯ ಸುತ್ತ ಬೆಳೆದ ಊರಿನ ಹೆಸರು ದೂರವಾಣಿನಗರ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಈಚೆ ಉಳಿದೆವು. ಅಲ್ಲಿ ತಯಾರಾದ ಫೋನು ಗೆರೆ ನೋಡದೆ ದೇಶದ ಮೂಲೆಮೂಲೆಗೆ ಹೋಯಿತು, ನಮ್ಮ ಆಫೀಸಿಗೂ ಬಂತು. ಗಡಿನಾಡಿನ ಕನ್ನಡ ಮಗುವಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ವಸ್ತು ಬೇಕಿತ್ತೇ? ಅದನ್ನು ಕಿಲೋ ಲೆಕ್ಕದಲ್ಲಿ ಕೊಟ್ಟು, ಬ್ರಿಟಿಷರ ಹೆಸರಿನ ಸುಳ್ಳನ್ನು ಐದು ಸಾವಿರಕ್ಕೆ ಕೊಂಡೆವು.

ಆ ಪಿತ್ತಳೆಯ ಫೋನನ್ನು ನಾವು ಎಸೆದಿಲ್ಲ. 'ನಕಲಿ: ಹೀಗೆ ಮೋಸ ಹೋಗಬೇಡಿ' ಎಂದು ಚೀಟಿ ಅಂಟಿಸಿ ಅದೇ ಮೇಜಿನ ಮೇಲಿಟ್ಟಿದ್ದೇವೆ. ಪಕ್ಕದ ಜಾಗ ಖಾಲಿ ಇದೆ. ನಿಮ್ಮ ಶಾಲೆಯ ಕಪಾಟನ್ನು ಇವತ್ತೇ ಒಮ್ಮೆ ತೆರೆದು ನೋಡಿ, ಗುಜರಿಯವನು ಬರುವ ಮೊದಲು.