ಠಾಣೆಯ ದಫ್ತರವನ್ನು ತಪಾಸಿಸುವವರಾರು?

ಸೊರಟೂರಿನ ಒಕ್ಕಲಿಗನೊಬ್ಬನ ಹೊಲದಿಂದ ಪಂಪಿನ ಮೋಟಾರನ್ನು ರಾತ್ರಿ ಯಾರೋ ಹೊತ್ತೊಯ್ದರೆಂದು ಭಾವಿಸೋಣ. ಆತನು ಠಾಣೆಗೆ ಹೋಗಿ, "ನೋಡೋಣ, ನಾಳೆ ಬಾ" ಎಂಬ ಮಾತು ಕೇಳಿ ಮರಳಿದನು. ಕಾಗದದ ಮೇಲೆ ಒಂದಕ್ಷರವೂ ಮೂಡಲಿಲ್ಲ. ಆದುದರಿಂದ ಸರಕಾರದ ಪಾಲಿಗೆ ಕಳವೇ ಆಗಲಿಲ್ಲ! ಮುಂದೆ ಮೇಲಧಿಕಾರಿಗಳು ಬಂದು ದಫ್ತರವನ್ನು ತಪಾಸಿಸುವರು. ಪುಟಗಳು ಅನುಕ್ರಮವಾಗಿವೆ, ರುಜುಗಳಿವೆ, ಎಲ್ಲವೂ ಸರಿ. ಬರೆದುದನ್ನಷ್ಟೇ ಓದುವ ತಪಾಸಣೆಗೆ ಬರೆಯದೆ ಬಿಟ್ಟುದು ಕಾಣುವದೆಂತು?

ಒಂದು ಕಾಲಕ್ಕೆ ಈ ಸೀಮೆಯಲ್ಲಿ ನೆವಕ್ಕೆ ಕೊರತೆಯಿರಲಿಲ್ಲ. ಗದಗ ಮುಂಬಯಿ ಇಲಾಖೆಯದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜಿನದು, ಕೊಪ್ಪಳ ನಿಜಾಮರದು. ಕಳ್ಳನು ಒಂದೇ ರಾತ್ರಿಯಲ್ಲಿ ದಾಟಬಹುದಾದ ಗಡಿಗಳಿವು. 1956ರಲ್ಲಿ ನಾಡು ಒಂದಾಯಿತು. ಮುಂದೆ 1963ರ ಪೋಲೀಸ ಕಾಯದೆಯು ನಾಡಿಗೆಲ್ಲ ಒಂದೇ ಆಯಿತು. 2009ರಲ್ಲಿ ಮಂಜೂರಾದ ಅಖಿಲ ಭಾರತ ಯೋಜನೆಯು ಠಾಣೆಗಳ ದಫ್ತರಗಳನ್ನು ಗಣಕಯಂತ್ರಗಳ ಜಾಲದಲ್ಲಿ ಕೂಡಿಸಹತ್ತಿತು. ಗಡಿಯ ನೆವ ಇನ್ನು ನಡೆಯದು.

ಕಾಯದೆಯಂತೂ ಫಿರ್ಯಾದಿಯ ಪಕ್ಷದಲ್ಲಿಯೇ ಇದೆ. ಸಂಜ್ಞೇಯ ಅಪರಾಧದ ಸುದ್ದಿ ಬಂದರೆ ವರದಿಯನ್ನು ದಾಖಲಿಸಲೇಬೇಕು, ಮೊದಲು ವಿಚಾರಣೆ ಮಾಡುವದಾದರೆ ಅದನ್ನೂ ದಿನಚರಿಯಲ್ಲಿ ನಮೂದಿಸಬೇಕು ಎಂದು ಸುಪ್ರೀಮ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ 12ರಂದು ತೀರ್ಪಿತ್ತಿದೆ. ದಾಖಲಾದ ವರದಿಯನ್ನು, ಸೂಕ್ಷ್ಮ ಪ್ರಕರಣಗಳ ಹೊರತು, 24 ತಾಸಿನೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಆಜ್ಞೆಯಾಯಿತು. ಆದರೆ ಇವೆರಡನೆಯದು ದಾಖಲಾದ ವರದಿಯ ಮಾತು. ನಮ್ಮ ಒಕ್ಕಲಿಗನು ಅದರ ಹೊಸ್ತಿಲಲ್ಲಿಯೇ ನಿಂತಿದ್ದಾನೆ.

ತನ್ನ ಬೆನ್ನು ತನಗೆ ಕಾಣದು. ಆದುದರಿಂದ ದಿನಚರಿಯನ್ನು ದಿನಚರಿಯಿಂದಲೇ ಅಳೆಯುವದನ್ನು ಬಿಟ್ಟು, ಠಾಣೆಯ ಕೈಯಲ್ಲಿಲ್ಲದ ದಾಖಲೆಗಳೊಡನೆ ತಾಳೆ ನೋಡಬೇಕು. ಗಾಯಾಳುಗಳ ಬಗ್ಗೆ ಸರಕಾರಿ ಆಸ್ಪತ್ರೆಯು ಕಳುಹಿದ ತಿಳಿವಳಿಕೆಗಳೆಷ್ಟು, ದಿನಚರಿಯಲ್ಲಿ ನಮೂದಾದವೆಷ್ಟು? 112ಕ್ಕೆ ಬಂದ ಕರೆಗಳ ಗತಿಯೇನಾಯಿತು? ಠಾಣೆಗಳಲ್ಲಿ ಕ್ಯಾಮೆರಾಗಳಿರಬೇಕು, ಚಿತ್ರಗಳನ್ನು 18 ತಿಂಗಳು ಕಾದಿಡಬೇಕು, ಅಂಥ ಯಂತ್ರ ದೊರೆಯದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದು ಅದೇ ನ್ಯಾಯಾಲಯವು 2020ರ ಡಿಸೆಂಬರದಲ್ಲಿ ವಿಧಿಸಿತು. ಯಾವುದಾದರೊಂದು ದಿನವನ್ನು ಆರಿಸಿ, ಬಾಗಿಲೊಳಗೆ ಬಂದವರನ್ನು ಎಣಿಸಿ, ಅಂದಿನ ದಿನಚರಿಯ ಪುಟವನ್ನು ತೆರೆದರೆ ಸಾಕು. ಈ ಕೆಲಸವನ್ನು ಮಾಡುವವರು ಮಾತ್ರ ಆ ಠಾಣೆಯ ಮೇಲಧಿಕಾರಿಗಳಾಗಿರಬಾರದು.

ಅಲ್ಲಿಯವರೆಗೆ ಹಳ್ಳಿಯ ಮಾಸ್ತರರು ಇಷ್ಟನ್ನಾದರೂ ಮಾಡಬಲ್ಲರು: ದೂರನ್ನು ಎರಡು ಪ್ರತಿ ಬರೆದುಕೊಟ್ಟು, ಒಂದರ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಳ್ಳುವಂತೆ ಹೇಳುವದು. ಠಾಣೆಯವರು ದಾಖಲಿಸಲು ಒಲ್ಲೆನೆಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೇರೆಗೆ ಅದನ್ನೇ ಪೋಲೀಸ ಸುಪರಿಂಟೆಂಡೆಂಟರಿಗೆ ಅಂಚೆಯಿಂದ ಕಳಿಸಬಹುದು. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ.